ಹಿತ್ತಲ ಕೋಳಿಗಳ ಕುಕ್ಕಾಟ: ರಕ್ತ ಕಂಡ ಗಳಿಗೆಯಿಂದ ಮತ್ತೆ ಒಂದೇ ಗೂಡು ಸೇರುವವರೆಗೆ

ಸಂಜೆ ಕೋಳಿ ಮುಚ್ಚುವ ಹೊತ್ತಿಗೆ ಎಲ್ಲವೂ ಅಡ್ಡಗೋಲು ಹತ್ತಿದ ಮೇಲೂ ಒಂದು ಹೇಟೆ ಮಾತ್ರ ಕೆಳಗೆ, ಮೂಲೆಗೆ ತಲೆ ಕೊಟ್ಟು ನಿಂತಿದ್ದರೆ ಅದನ್ನು ಮೆಲ್ಲಗೆ ಕೈಗೆತ್ತಿಕೊಳ್ಳಿ. ಮೊದಲು ಮೇವಿನ ಚೀಲ ಮುಟ್ಟಿ ನೋಡಿ. ಅದು ಕುತ್ತಿಗೆ ಎದೆಗೆ ಸೇರುವ ಕಡೆ, ಸ್ವಲ್ಪ ಬಲಕ್ಕೆ ಇರುತ್ತದೆ. ದಿನವಿಡೀ ತಿಂದ ಕೋಳಿಯದ್ದು ಸಂಜೆಗೆ ನಿಂಬೆಹಣ್ಣಿಗಿಂತ ದೊಡ್ಡದಾಗಿ ಉಬ್ಬಿರುತ್ತದೆ. ಒಳಗಿನ ಕಾಳು ಬೆರಳಿಗೆ ಸಿಗುತ್ತದೆ. ಖಾಲಿ ಚರ್ಮವಷ್ಟೇ ಸಿಕ್ಕಿತೆಂದರೆ ಆ ಕೋಳಿಗೆ ಕಾಯಿಲೆ ಇರಬೇಕು, ಇಲ್ಲವೇ ಉಳಿದವು ಅದನ್ನು ಮೇವಿನ ಹತ್ತಿರ ಬಿಟ್ಟುಕೊಂಡಿಲ್ಲ. ಆಮೇಲೆ ಬಾಲದ ಬುಡದ ಪುಕ್ಕ ಬಿಡಿಸಿ ನೋಡಿ. ಹಿತ್ತಲಲ್ಲಿ ನಡೆಯುವ ಹಿಂಸೆಯ ಹೆಚ್ಚಿನ ಪಾಲು ಈ ಎರಡು ಜಾಗಗಳಲ್ಲಿ ಬರೆದಿಟ್ಟ ಹಾಗೆ ಕಾಣುತ್ತದೆ.

ಎರಡು ಬಗೆಯ ಕುಕ್ಕು

ಕೋಳಿಗಳಲ್ಲಿ ಮೇಲು ಕೀಳು ಇದ್ದೇ ಇರುತ್ತದೆ. ಯಾವುದು ಯಾವುದಕ್ಕೆ ದಾರಿ ಬಿಡಬೇಕು ಎಂಬುದನ್ನು ಹಿಂಡು ತಾನೇ ತೀರ್ಮಾನ ಮಾಡಿಕೊಂಡಿರುತ್ತದೆ. ನಾರ್ವೆಯ ಥಾರ್ಲೀಫ್ ಶೆಲ್ಡೆರುಪ್-ಎಬ್ಬೆ ಎಂಬವರು ಬಾಲ್ಯದಿಂದಲೂ ಕೋಳಿಗಳನ್ನು ನೋಡಿ ನೋಡಿ ಬರೆದಿಟ್ಟುಕೊಂಡು, 1921ರಲ್ಲಿ ಈ ಕುಕ್ಕುವ ಸರದಿಯನ್ನು ಶಾಸ್ತ್ರೀಯವಾಗಿ ವಿವರಿಸಿದರು. ಈ ಸರದಿಯ ಜಗಳ ಎದುರಾಎದುರು ನಡೆಯುತ್ತದೆ. ಕುತ್ತಿಗೆ ಪುಕ್ಕ ಕೆದರುತ್ತದೆ, ಎರಡು ಕೋಳಿ ಎಗರಾಡುತ್ತವೆ, ತಲೆಗೋ ಜುಟ್ಟಿಗೋ ಒಂದೆರಡು ಏಟು ಬೀಳುತ್ತದೆ, ಒಂದು ಕಿರುಚಿ ಓಡುತ್ತದೆ. ಅಲ್ಲಿಗೆ ಮುಗಿಯಿತು. ಇದನ್ನು ಬಿಡಿಸಲು ಹೋಗಬೇಡಿ. ಅರ್ಧಕ್ಕೆ ಬಿಡಿಸಿದ ಜಗಳ ಮರುದಿನ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಇನ್ನೊಂದು ಕುಕ್ಕು ಸದ್ದಿಲ್ಲದ್ದು. ಒಂದು ಕೋಳಿ ಇನ್ನೊಂದರ ಹಿಂದೆ ನಿಂತು, ಕೋಪವೇನೂ ಇಲ್ಲದೆ, ಬಾಲದ ಬುಡದಿಂದ ಒಂದು ಪುಕ್ಕ ಎಳೆದು ನುಂಗುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೊಂದು. ಹೊಸದಾಗಿ ಮೂಡುತ್ತಿರುವ ಪುಕ್ಕದ ಬುಡದಲ್ಲಿ ನೀಲಿಗಪ್ಪು ಬಣ್ಣದ ಮೆತ್ತನೆಯ ಕೊಳವೆ ಇರುತ್ತದೆ, ಅದರ ತುಂಬ ರಕ್ತ. ಅಂಥದ್ದೊಂದನ್ನು ಕಿತ್ತರೆ ಚರ್ಮದ ಮೇಲೆ ಕೆಂಪು ಹನಿ ಮೂಡುತ್ತದೆ. ಕೋಳಿಗೆ ಕೆಂಪು ಕಂಡರೆ ಕುಕ್ಕದೆ ಇರಲಾಗುವುದಿಲ್ಲ. ಮೊದಲು ಒಂದು, ಆಮೇಲೆ ಮೂರು, ಆಮೇಲೆ ಇಡೀ ಹಿಂಡು. ಬೆಳಿಗ್ಗೆ ಚೆನ್ನಾಗಿದ್ದ ಹೇಟೆ ಸಂಜೆಗೆ ಸತ್ತು ಬಿದ್ದಿರುವುದು ಹೀಗೆ.

ಈ ಎರಡನ್ನು ಬೇರೆ ಬೇರೆಯಾಗಿ ನೋಡಲೇಬೇಕು, ಏಕೆಂದರೆ ಮದ್ದು ಬೇರೆ. ತಲೆಗೆ ಬಿದ್ದ ಏಟು ಅಂತಸ್ತಿನದು, ಜಾಗ ಮತ್ತು ಸಮಯ ಕೊಟ್ಟರೆ ಇಳಿಯುತ್ತದೆ. ಹಿಂಭಾಗಕ್ಕೆ ಬಿದ್ದದ್ದು ಮೇವಿನ ಕೊರತೆಯದು, ಕೆಲಸವಿಲ್ಲದ ಬೇಸರದ್ದು. ಅಲ್ಲಿ ತಪ್ಪಿತಸ್ಥ ಕೋಳಿಯನ್ನು ಹಿಡಿದು ಹೊರಗೆ ಹಾಕಿದರೆ ನಾಲ್ಕು ದಿನದಲ್ಲಿ ಇನ್ನೊಂದು ಅದೇ ಕೆಲಸಕ್ಕೆ ಇಳಿಯುತ್ತದೆ.

ರಕ್ತ ಕಂಡ ತಕ್ಷಣ

ಕಾರಣ ಹುಡುಕುವುದು ಆಮೇಲೆ. ಗಾಯಗೊಂಡ ಕೋಳಿಯನ್ನು ಆ ಕ್ಷಣವೇ ಎತ್ತಿ ಒಂದು ಕುಕ್ಕೆಯಡಿ ಅಥವಾ ರಟ್ಟಿನ ಪೆಟ್ಟಿಗೆಯಲ್ಲಿಡಿ. ಕತ್ತಲಾದಷ್ಟೂ ಕೋಳಿ ಸಮಾಧಾನವಾಗುತ್ತದೆ, ರಕ್ತವೂ ಬೇಗ ನಿಲ್ಲುತ್ತದೆ.

1. ಶುಭ್ರ ಬಟ್ಟೆಯಿಂದ ಗಾಯವನ್ನು ಐದು ನಿಮಿಷ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ಜುಟ್ಟಿನ ಗಾಯ ಸಣ್ಣದಾದರೂ ಬಹಳ ಸುರಿಯುತ್ತದೆ. ಅದಕ್ಕೆ ಅರಿಶಿನ ಪುಡಿ ಅಥವಾ ಮೆಕ್ಕೆಜೋಳದ ನುಣ್ಣನೆಯ ಹಿಟ್ಟು ಒತ್ತಿದರೆ ಸಾಕು.
2. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ಗಾಯ ತೊಳೆಯಿರಿ. ಸುತ್ತಲಿನ ಪುಕ್ಕವನ್ನು ಕೀಳದೆ ಕತ್ತರಿಯಿಂದ ಕತ್ತರಿಸಿ.
3. ಪೊವಿಡೋನ್ ಅಯೋಡಿನ್ ದ್ರಾವಣವನ್ನು ನೀರು ಬೆರೆಸಿ ತಿಳಿ ಚಹಾದ ಬಣ್ಣಕ್ಕೆ ತಂದು ಹಚ್ಚಿ. ಒಣಗಿದ ಮೇಲೆ ಬೇವಿನೆಣ್ಣೆಯಲ್ಲಿ ಕಲಸಿದ ಅರಿಶಿನವನ್ನು ದಪ್ಪನಾಗಿ ಮೆತ್ತಿ. ಬೇವಿನ ಕಹಿಗೆ ಬೇರೆ ಕೋಳಿ ಬಾಯಿ ಹಾಕುವುದಿಲ್ಲ, ನೊಣವೂ ಕಡಿಮೆ. ಕೆಂಪು ಮಾತ್ರ ಒಂದಿಷ್ಟೂ ಕಾಣಬಾರದು.
4. ಕುಡಿಯುವ ನೀರಿಗೆ ಸ್ವಲ್ಪ ಬೆಲ್ಲ ಹಾಕಿ ಮುಂದಿಡಿ. ಮೊದಲ ದಿನ ಮೇವು ಮುಟ್ಟದಿದ್ದರೆ ಮೊಸರನ್ನ ಅಥವಾ ಬೇಯಿಸಿದ ಮೊಟ್ಟೆ ಪುಡಿಮಾಡಿ ಕೊಡಿ.

ಮಳೆಗಾಲದಲ್ಲಿ ಇದಕ್ಕಿಂತ ದೊಡ್ಡ ಅಪಾಯ ಹುಳು. ನೊಣ ಗಾಯದ ಅಂಚಿನಲ್ಲಿ ಬಿಳಿ ರವೆಯಂತೆ ಮೊಟ್ಟೆ ಇಡುತ್ತದೆ, ಒಂದೇ ದಿನದಲ್ಲಿ ಹುಳುವಾಗುತ್ತದೆ. ದಿನಕ್ಕೆ ಎರಡು ಸಲ ಪುಕ್ಕ ಎತ್ತಿ ನೋಡಿ, ಮೂಸಿಯೂ ನೋಡಿ. ಕೊಳೆತ ವಾಸನೆ ಬಂದರೆ, ಚರ್ಮದಡಿ ಏನೋ ಅಲುಗಾಡಿದರೆ ಮನೆಮದ್ದು ನಿಲ್ಲಿಸಿ ಪಶು ಆಸ್ಪತ್ರೆಗೆ ಒಯ್ಯಿರಿ. ಮೊಟ್ಟೆ ಇಡುವ ದ್ವಾರದಿಂದ ಕೆಂಪು ಮಾಂಸ ಹೊರಗೆ ಬಂದಿದ್ದರೂ ಹಾಗೆಯೇ: ಒದ್ದೆ ಬಟ್ಟೆಯಿಂದ ಮುಚ್ಚಿ ತಡಮಾಡದೆ ಹೊರಡಿ. ಹಾಗೆ ಮಾಂಸ ಹೊರಬಂದ ಕೋಳಿಯನ್ನು ಹಿಂಡಿನಲ್ಲಿ ಒಂದು ಗಂಟೆ ಬಿಟ್ಟರೂ ಕರುಳು ಎಳೆದುಬಿಡುತ್ತವೆ.

ಗಾಯದ ಕೋಳಿಯನ್ನು ಇಡುವ ಪಂಜರ ಉಳಿದವಕ್ಕೆ ಕಾಣುವಂತಿರಲಿ. ಹತ್ತು ದಿನ ಪೂರ್ತಿ ಕಣ್ಮರೆಯಾದ ಕೋಳಿ ವಾಪಸು ಬಂದರೆ ಹಿಂಡಿಗೆ ಅದು ಹೊಸಬನೇ. ಹಕ್ಕಳೆ ಉದುರಿ ಚರ್ಮ ಕೂಡಿದ ಮೇಲಷ್ಟೇ ಬಿಡಿ.

ಪುಕ್ಕ ಎಲ್ಲಿ ಹೋಗಿದೆ?

ಎಷ್ಟೋ ಸಲ ಕುಕ್ಕಾಟವೇ ಇರುವುದಿಲ್ಲ, ನಾವು ತಪ್ಪು ತಿಳಿದಿರುತ್ತೇವೆ. ಬೋಳಾದ ಜಾಗ ನೋಡಿಯೇ ಅರ್ಧ ಕಾರಣ ಹೇಳಬಹುದು.

ಬೆನ್ನಿನ ಎರಡೂ ಪಕ್ಕ ಮತ್ತು ತಲೆಯ ಹಿಂಭಾಗ ಸವೆದಿದ್ದರೆ ಅದು ಹುಂಜ ಹತ್ತಿದ್ದು. ತಲೆ, ಕುತ್ತಿಗೆಯಿಂದ ಶುರುವಾಗಿ ಬೆನ್ನಿಗೆ ಇಳಿಯುತ್ತಾ ಎರಡೂ ಬದಿ ಒಂದೇ ಸಮನೆ ಉದುರುತ್ತಿದ್ದರೆ ಅದು ವರ್ಷಕ್ಕೊಮ್ಮೆಯ ಪುಕ್ಕ ಬದಲಾವಣೆ. ಚರ್ಮದಲ್ಲಿ ಗಾಯವಿರುವುದಿಲ್ಲ, ಮುಳ್ಳಿನಂತೆ ಹೊಸ ಪುಕ್ಕ ಚುಚ್ಚುತ್ತದೆ. ಎದೆ ಮಾತ್ರ ಬೋಳಾಗಿದ್ದರೆ ಕಾವಿಗೆ ಕೂರುವ ಹೇಟೆ ತಾನೇ ಕಿತ್ತುಕೊಂಡಿರುತ್ತದೆ. ಕುತ್ತಿಗೆ ಬೋಳು ತಳಿಯ ನಾಟಿ ಕೋಳಿಗೆ ಹುಟ್ಟಿನಿಂದಲೇ ಅಲ್ಲಿ ಪುಕ್ಕವಿಲ್ಲ. ದ್ವಾರದ ಕೆಳಗೆ ಚರ್ಮ ಕೆಂಪಾಗಿ, ಪುಕ್ಕದ ಬುಡದಲ್ಲಿ ಬಿಳಿ ಗಂಟು ಕಟ್ಟಿದಂತಿದ್ದರೆ ಅದು ಹೇನಿನ ಮೊಟ್ಟೆ. ಬಾಲದ ಬುಡ, ಅಲ್ಲಿರುವ ಎಣ್ಣೆ ಗ್ರಂಥಿಯ ಸುತ್ತ, ದ್ವಾರದ ಅಂಚು: ಇವೇ ಬೇರೆ ಕೋಳಿ ಕುಕ್ಕಿದ ಗುರುತು.

ಜುಟ್ಟಿನ ಮೇಲಿನ ಕಪ್ಪು ಹಕ್ಕಳೆಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಕುಕ್ಕಿದ ಗಾಯ ಒಂದೆರಡು ಕಡೆ, ಅಡ್ಡಾದಿಡ್ಡಿಯಾಗಿರುತ್ತದೆ. ಜುಟ್ಟು, ರೆಪ್ಪೆ, ಕೊಕ್ಕಿನ ಬುಡದಲ್ಲಿ ನರುಳೆಯಂತೆ ಗಂಟು ಗಂಟಾಗಿ ಎದ್ದು, ಎರಡು ಮೂರು ಕೋಳಿಯಲ್ಲಿ ಒಟ್ಟಿಗೆ ಕಂಡರೆ ಅದು ಕೋಳಿ ಸಿಡುಬು. ಆಗ ಜಗಳ ಬಿಡಿಸುವ ಯೋಚನೆ ಬಿಟ್ಟು ಪಶುವೈದ್ಯರನ್ನು ಕಾಣಿ. ಮಂಕಾದ ಕೋಳಿಯನ್ನು ಹಿಂಡು ಕುಕ್ಕಿ ದೂರ ಮಾಡುವುದೂ ಉಂಟು. ಹಿಕ್ಕೆ ಹಸಿರಾಗಿದೆಯೇ, ಉಸಿರಾಟದಲ್ಲಿ ಗೊರಗೊರ ಇದೆಯೇ ನೋಡಿ. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸಿಕೆ ಹಾಕಿಸದ ಹಿಂಡಾದರೆ ಇದನ್ನು ಮೊದಲು ನೋಡಬೇಕು.

ಜಾಗದ ಲೆಕ್ಕ

ಹತ್ತು ಕೋಳಿಗೆ ಗೂಡಿನೊಳಗೆ 40 ಚದರ ಅಡಿ, ಅಂದರೆ 8 ಅಡಿಗೆ 5 ಅಡಿ. ಹೊರಗೆ ಬೇಲಿಯೊಳಗೆ 100 ಚದರ ಅಡಿ. ಇಡೀ ದಿನ ತೋಟದಲ್ಲಿ ಮೇಯುವ ಕೋಳಿಗೆ ರಾತ್ರಿ ಮಾತ್ರ ಗೂಡಾದರೆ ಇದರ ಅರ್ಧ ಸಾಕಾಗುತ್ತದೆ. ಮಲೆನಾಡು, ಕರಾವಳಿಯವರು ಮಾತ್ರ ಆ ಅರ್ಧ ಲೆಕ್ಕಕ್ಕೆ ಹೋಗಬೇಡಿ. ಆಷಾಢದ ಮಳೆಗೆ ವಾರಗಟ್ಟಲೆ ಒಳಗೇ ಕೂಡಿಹಾಕಬೇಕಾಗುತ್ತದೆ, ಕುಕ್ಕಾಟ ಹೆಚ್ಚುವುದೂ ಆಗಲೇ.

ಅಡ್ಡಗೋಲು ಒಂದು ಕೋಳಿಗೆ 8ರಿಂದ 10 ಅಂಗುಲ. ಎಲ್ಲವನ್ನೂ ಒಂದೇ ಎತ್ತರಕ್ಕೆ ಕಟ್ಟಿ. ಮೆಟ್ಟಿಲಿನಂತೆ ಕಟ್ಟಿದರೆ ಮೇಲಿನ ಗೋಲಿಗಾಗಿ ಪ್ರತಿ ಸಂಜೆ ಕಾದಾಟ. ಮೊಟ್ಟೆ ಪೆಟ್ಟಿಗೆ ನಾಲ್ಕೈದು ಹೇಟೆಗೆ ಒಂದು, ಒಂದೊಂದು ಬದಿಯೂ ಅಡಿಯಷ್ಟು. ಬಾಯಿಗೆ ಗೋಣಿತಾಟು ಇಳಿಬಿಟ್ಟು ಒಳಗೆ ಮಬ್ಬು ಮಾಡಿ. ಇದು ಚಿಕ್ಕ ವಿಷಯವಲ್ಲ. ಮೊಟ್ಟೆ ಹಾಕಿದ ಗಳಿಗೆಯಲ್ಲಿ ದ್ವಾರದ ಒಳಭಾಗ ಒಂದೆರಡು ನಿಮಿಷ ಕೆಂಪಗೆ ಹೊರಗೆ ಕಾಣುತ್ತದೆ. ಬೆಳಕಿನಲ್ಲಿ, ಎಲ್ಲರ ಕಣ್ಣೆದುರು ಮೊಟ್ಟೆ ಇಡುವ ಹೇಟೆ, ಅದರಲ್ಲೂ ಮೊದಲ ಸಲ ಇಡುವ ಎಳೆಯದು, ಅಲ್ಲೇ ಕುಕ್ಕಿಸಿಕೊಳ್ಳುತ್ತದೆ.

ಮೇವಿನ ತಟ್ಟೆ, ನೀರಿನ ಪಾತ್ರೆ ಎರಡೆರಡು ಕಡೆ ಇಡಿ, ಒಂದರಿಂದ ಇನ್ನೊಂದು ಕಾಣದ ಹಾಗೆ. ನಡುವೆ ಒಂದು ಹಲಗೆ ನಿಲ್ಲಿಸಿದರೂ ಆಯಿತು. ಎರಡು ತಟ್ಟೆ ಪಕ್ಕಪಕ್ಕದಲ್ಲಿದ್ದರೆ ಜೋರಿನ ಹೇಟೆ ಎರಡನ್ನೂ ಕಾಯುತ್ತದೆ. ಬೇಲಿಯ ಮೂಲೆಗಳಿಗೆ ಹಲಗೆ ಅಡ್ಡ ಇಟ್ಟು ಚೂಪು ಮುರಿಯಿರಿ. ಅಟ್ಟಿಸಿಕೊಂಡು ಬಂದ ಕೋಳಿ ಸಿಕ್ಕಿಬೀಳುವುದು ಮೂಲೆಯಲ್ಲೇ. ಗೋಡೆಗೆ ಒರಗಿಸಿದ ಒಂದು ತಗಡು ಬಚ್ಚಿಟ್ಟುಕೊಳ್ಳಲು ಸಾಕು, ಆದರೆ ಅದಕ್ಕೆ ಎರಡೂ ಕಡೆ ಬಾಗಿಲಿರಬೇಕು. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ನೆರಳಿಗಾಗಿಯೇ ಜಗಳ ಹತ್ತುತ್ತದೆ. ತಗಡಿನ ಚಾವಣಿಯ ಮೇಲೆ ತೆಂಗಿನ ಗರಿ ಅಥವಾ ಜೋಳದ ದಂಟು ಹೊದಿಸಿ, ನೆರಳನ್ನು ಎರಡು ಕಡೆ ಮಾಡಿ.

ಮೇವು: ಹೆಚ್ಚಿನವರು ಎಡವುವುದು ಇಲ್ಲಿ

ರಾಗಿ, ಜೋಳ, ಅಕ್ಕಿ ನುಚ್ಚು ಎರಚಿದರೆ ಕೋಳಿ ಹೊಟ್ಟೆ ತುಂಬ ತಿನ್ನುತ್ತದೆ, ನಿಜ. ಆದರೆ ಈ ಕಾಳುಗಳಲ್ಲಿ ಪ್ರೋಟೀನು ನೂರಕ್ಕೆ ಏಳರಿಂದ ಹತ್ತು ಭಾಗ ಮಾತ್ರ. ಮೊಟ್ಟೆ ಇಡುವ ಕೋಳಿಗೆ 16ರಿಂದ 18 ಬೇಕು. ಪುಕ್ಕ ಬಹುತೇಕ ಪ್ರೋಟೀನೇ. ಮೆಥಿಯೋನಿನ್, ಸಿಸ್ಟೀನ್ ಎಂಬ ಗಂಧಕವಿರುವ ಅಂಶಗಳು ಅದಕ್ಕೆ ಬೇಕೇ ಬೇಕು. ಮೇವಿನಲ್ಲಿ ಅವು ಸಿಗದ ಕೋಳಿ ಪಕ್ಕದ ಕೋಳಿಯ ಪುಕ್ಕ ತಿನ್ನಲು ಹೋಗುತ್ತದೆ. ಹುಳು, ಗೆದ್ದಲು ಸಿಗುವ ತಿಪ್ಪೆಯಿದ್ದರೆ ಈ ಕೊರತೆ ತಾನಾಗಿ ತುಂಬುತ್ತದೆ. ನಗರದ ಹಿತ್ತಲಲ್ಲಿ, ಸಿಮೆಂಟು ನೆಲದಲ್ಲಿ ತುಂಬುವುದಿಲ್ಲ.

ಅಂಗಡಿಯ ಲೇಯರ್ ಮೇವು, ಅಂದರೆ ಮೊಟ್ಟೆ ಕೋಳಿಯ ಮೇವು, ಹಾಕಿದರೆ ಪ್ರೋಟೀನಿನ ಲೆಕ್ಕ ಸರಿಹೋಗುತ್ತದೆ. ಮನೆಯಲ್ಲೇ ಕಲಸುವವರು ಹತ್ತು ಕೆಜಿಗೆ ಹೀಗೆ ಮಾಡಬಹುದು: ಒಡೆದ ಮೆಕ್ಕೆಜೋಳ, ಜೋಳ ಅಥವಾ ರಾಗಿ ಐದೂವರೆ ಕೆಜಿ, ಸೋಯಾ ಹಿಂಡಿ ಅಥವಾ ಶೇಂಗಾ ಹಿಂಡಿ ಎರಡು ಕೆಜಿ, ಒಣಮೀನಿನ ಪುಡಿ 600 ಗ್ರಾಂ, ಗೋಧಿ ಅಥವಾ ಅಕ್ಕಿ ತೌಡು ಒಂದು ಕೆಜಿ, ಕಪ್ಪೆಚಿಪ್ಪಿನ ಪುಡಿ 800 ಗ್ರಾಂ, ಕೋಳಿಗೆಂದೇ ಬರುವ ಖನಿಜ ಮಿಶ್ರಣ 75 ಗ್ರಾಂ, ಉಪ್ಪು 25 ಗ್ರಾಂ. ಉಪ್ಪು ತೀರಾ ಇಲ್ಲದಿದ್ದರೂ ಕೋಳಿ ರಕ್ತದ ರುಚಿಗೆ ಬೀಳುತ್ತದೆ. ಹಾಗೆಂದು ಕೈಯಳತೆಯಲ್ಲಿ ಸುರಿಯಬೇಡಿ, ಹೆಚ್ಚಾದರೆ ಸಾಯುತ್ತದೆ. ಒಣಮೀನು ಉಪ್ಪು ಹಾಕಿ ಒಣಗಿಸಿದ್ದಾದರೆ ಬೇರೆ ಉಪ್ಪು ಬೇಡವೇ ಬೇಡ. ಬೂಷ್ಟು ಹಿಡಿದ ಶೇಂಗಾ ಹಿಂಡಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ. ಆ ಬೂಷ್ಟಿನ ವಿಷ ಕೋಳಿಯ ಪಿತ್ತಜನಕಾಂಗವನ್ನೇ ಹಾಳುಮಾಡುತ್ತದೆ. ಶೇಂಗಾ ಹಿಂಡಿಯಲ್ಲಿ ಮೆಥಿಯೋನಿನ್ ಕಡಿಮೆ, ಆದ್ದರಿಂದ ಅದನ್ನು ಬಳಸಿದಾಗ ಮೀನಿನ ಪುಡಿಯನ್ನು ಕೈಬಿಡುವಂತಿಲ್ಲ.

ಕಟ್ಟಿಹಾಕಿ ಸಾಕುವ ಹೇಟೆಗೆ ದಿನಕ್ಕೆ 100ರಿಂದ 120 ಗ್ರಾಂ, ಹೊರಗೆ ಮೇಯುವುದಕ್ಕೆ ಸಂಜೆ 40ರಿಂದ 60 ಗ್ರಾಂ. ಪುಕ್ಕ ಬದಲಿಸುವ ತಿಂಗಳಲ್ಲಿ ಮೀನಿನ ಪುಡಿಯನ್ನು ಒಂದು ಕೆಜಿಗೆ ಏರಿಸಿ, ಅಷ್ಟು ಕಾಳು ಇಳಿಸಿ. ಮೇವು ಸರಿಮಾಡಿದ ಮರುದಿನವೇ ಕುಕ್ಕಾಟ ನಿಲ್ಲುವುದಿಲ್ಲ, ಎರಡು ಮೂರು ವಾರ ಕಾಯಬೇಕು.

ಅಲ್ಲಿಯವರೆಗೆ ಕೊಕ್ಕಿಗೆ ಕೆಲಸ ಕೊಡಿ. ಮೇಯಲು ಬಿಟ್ಟ ಕೋಳಿ ಎಚ್ಚರವಿರುವ ಹೊತ್ತಿನ ಬಹುಪಾಲು ಕೆದಕುತ್ತಾ ಕುಕ್ಕುತ್ತಾ ಇರುತ್ತದೆ. ತಟ್ಟೆಯಲ್ಲಿ ಪುಡಿ ಇಟ್ಟರೆ ಹೊಟ್ಟೆ ಬೇಗ ತುಂಬುತ್ತದೆ, ಕೊಕ್ಕು ಮಾತ್ರ ಖಾಲಿ ಉಳಿಯುತ್ತದೆ. ನುಗ್ಗೆ ಅಥವಾ ಅಗಸೆ ಸೊಪ್ಪಿನ ಕಟ್ಟನ್ನು ಕೋಳಿಯ ತಲೆಗಿಂತ ಸ್ವಲ್ಪ ಮೇಲೆ ತೂಗುಹಾಕಿ. ನೆಲಕ್ಕೆ ನಾಲ್ಕಂಗುಲ ಭತ್ತದ ಹೊಟ್ಟು ಅಥವಾ ಒಣಗಿದ ತರಗೆಲೆ ಹರವಿ, ಮಧ್ಯಾಹ್ನ ಒಂದು ಹಿಡಿ ಕಾಳು ಅದರೊಳಗೆ ಬೆರೆಸಿ. ಅಡಿಗೆಮನೆಯ ಎಲೆಕೋಸನ್ನು ಬುಡದಿಂದ ದಾರ ಕಟ್ಟಿ ಇಳಿಬಿಟ್ಟರೆ ಅರ್ಧ ದಿನ ಅದರ ಹಿಂದೆಯೇ.

ರಾತ್ರಿ ಟಾರ್ಚು ಹಿಡಿದು

ಹಗಲು ಕಾಣದ ನುಸಿ, ಉಣ್ಣೆ ರಾತ್ರಿ ಗೂಡಿನ ಸಂದಿಯಿಂದ ಹೊರಟು ರಕ್ತ ಹೀರುತ್ತವೆ. ಕಡಿತಕ್ಕೆ ನಿದ್ದೆಗೆಟ್ಟ ಕೋಳಿ ಹಗಲು ಸಿಡುಕುತ್ತದೆ, ತನ್ನ ಪುಕ್ಕವನ್ನೂ ಪಕ್ಕದ್ದನ್ನೂ ಕೀಳುತ್ತದೆ. ಕತ್ತಲಾಗಿ ಎರಡು ಗಂಟೆಯ ಮೇಲೆ ಅಡ್ಡಗೋಲಿನ ತಳಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಕೆಂಪು ಗೆರೆ ಮೂಡಿದರೆ ಅದು ನುಸಿಯ ಹೊಟ್ಟೆಯಲ್ಲಿದ್ದ ರಕ್ತ. ಗೂಡು ಖಾಲಿಮಾಡಿ, ಹೊಟ್ಟು ಸುಟ್ಟು, ಸಂದಿಗಳಿಗೆಲ್ಲ ಸುಣ್ಣ ಬಳಿಯಿರಿ. ಏಳರಿಂದ ಹತ್ತು ದಿನಕ್ಕೆ ಮತ್ತೊಮ್ಮೆ ಬಳಿಯದಿದ್ದರೆ ಉಳಿದ ಮೊಟ್ಟೆ ಒಡೆದು ಹೊಸ ಸಂಸಾರ ಶುರುವಾಗುತ್ತದೆ. ಕೀಟನಾಶಕ ಬೇಕಾದರೆ ವೈದ್ಯರು ಹೇಳಿದ್ದನ್ನೇ ಹಾಕಿ, ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂದೂ ಕೇಳಿಕೊಳ್ಳಿ. ಎರಡಡಿ ಚೌಕದ ಗುಂಡಿಯಲ್ಲಿ ಆರಂಗುಲ ಮರಳು, ಕೆಮ್ಮಣ್ಣು, ತಣ್ಣಗಾದ ಸೌದೆಬೂದಿ ತುಂಬಿಸಿ ಮಳೆ ತಾಗದಂತೆ ಮುಚ್ಚಿಟ್ಟರೆ ಕೋಳಿ ಅದರಲ್ಲಿ ಹೊರಳಿ ಹೇನನ್ನು ತಾನೇ ಕಳೆದುಕೊಳ್ಳುತ್ತದೆ.

ಜೋರಿನ ಕೋಳಿಯನ್ನು ಬೇರೆಯಿಡುವುದು

ಜಾಗ, ಮೇವು, ನುಸಿ ಎಲ್ಲ ನೋಡಿಯೂ ಒಂದೇ ಹೇಟೆ ಒಂದನ್ನೇ ಬೆನ್ನಟ್ಟುತ್ತಿದ್ದರೆ, ಗಾಯವಿಲ್ಲದಿರುವಾಗ, ಹೊಡೆಸಿಕೊಳ್ಳುವುದನ್ನು ಬಿಟ್ಟು ಹೊಡೆಯುವುದನ್ನು ತೆಗೆಯಿರಿ. ನಾಲ್ಕೈದು ದಿನ, ಹಿಂಡು ಕಾಣದ ಜಾಗದಲ್ಲಿ, ಮೇವು ನೀರು ಪೂರ್ತಿ ಕೊಟ್ಟು ಇಡಿ. ಉಪವಾಸ ಕೆಡವಬೇಡಿ. ಅಷ್ಟರಲ್ಲಿ ಉಳಿದವು ತಮ್ಮ ಸರದಿಯನ್ನು ಹೊಸದಾಗಿ ಜೋಡಿಸಿಕೊಳ್ಳುತ್ತವೆ. ರಾತ್ರಿ ಕತ್ತಲಲ್ಲಿ ಇದನ್ನು ಅಡ್ಡಗೋಲಿನ ತುದಿಯಲ್ಲಿ ಕೂರಿಸಿದರೆ ಬೆಳಿಗ್ಗೆ ಕೆಳಗಿನ ಮೆಟ್ಟಿಲಿನಿಂದ ಶುರುಮಾಡಬೇಕಾಗುತ್ತದೆ. ಒಂದು ಸಲಕ್ಕೆ ಬಗ್ಗದಿದ್ದರೆ ಇನ್ನೊಮ್ಮೆ, ಆಗ ಏಳು ದಿನ.

ಹೊಸ ಕೋಳಿ ಸೇರಿಸುವಾಗ

ಸಂತೆಯಿಂದ ತಂದ ಕೋಳಿಯನ್ನು ಅದೇ ಸಂಜೆ ಗೂಡಿಗೆ ಬಿಡುವುದು ರೋಗಕ್ಕೂ ಜಗಳಕ್ಕೂ ಒಟ್ಟಿಗೆ ಬಾಗಿಲು ತೆರೆದಂತೆ. ಮೂರರಿಂದ ನಾಲ್ಕು ವಾರ ದೂರವಿಡಿ, ಮೇವು ಹಾಕುವಾಗ ಹಳೆಯದಕ್ಕೆ ಮೊದಲು, ಹೊಸದಕ್ಕೆ ಆಮೇಲೆ. ಬಳಿಕ ಒಂದು ವಾರ ಜಾಲರಿಯ ಆಚೀಚೆ ಇಡಿ. ಕಾಣಬೇಕು, ಕುಕ್ಕಲು ಸಿಗಬಾರದು. ಮೇವನ್ನು ಜಾಲರಿಯ ಎರಡೂ ಬದಿಗೆ ಹತ್ತಿರದಲ್ಲೇ ಇಟ್ಟರೆ ಎದುರಿಗೆ ನಿಂತು ತಿನ್ನುವ ರೂಢಿಯಾಗುತ್ತದೆ. ಆಮೇಲೆ ರಾತ್ರಿ ಸೇರಿಸಿ, ಬೆಳಕು ಹರಿಯುವ ಮೊದಲೇ ಎದ್ದು ಹೋಗಿ ನೋಡಿ. ಮೊದಲ ಮೂರು ಬೆಳಗಿನ ಮೇವಿನ ಹೊತ್ತು ನೀವು ಅಲ್ಲಿರಬೇಕು.

ಒಂದೇ ಒಂದು ಕೋಳಿ ಸೇರಿಸಬೇಡಿ. ಮೂರಾದರೆ ಏಟು ಹಂಚಿಹೋಗುತ್ತದೆ. ಮೂರೂವರೆ ತಿಂಗಳಿನೊಳಗಿನ ಮರಿ ದೊಡ್ಡವುಗಳ ನಡುವೆ ನಿಲ್ಲಲಾರದು, ತಾಯಿ ಜೊತೆಯಲ್ಲಿದ್ದರೆ ಮಾತ್ರ ಆ ಮಾತು ಬೇರೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತೂಕದ ಕೋಳಿ, ಮೆದು ಸ್ವಭಾವದ್ದು. ಅದಕ್ಕಿಂತ ಎಷ್ಟೋ ಹಗುರವಾದ ನಾಟಿ ಹೇಟೆ ಚುರುಕಿನಿಂದಲೇ ಅದನ್ನು ಮೇವಿನಿಂದ ಎಬ್ಬಿಸುತ್ತದೆ. ಗಾತ್ರ ನೋಡಿ ಗಿರಿರಾಜನಿಗೆ ಏನೂ ಆಗದು ಎಂದುಕೊಳ್ಳಬೇಡಿ. ಕಾಳಗದ ತಳಿಯಾದ ಅಸೀಲ್‌ನ ರಕ್ತವಿರುವ ಕೋಳಿಯನ್ನು ಮಿಶ್ರ ಹಿಂಡಿಗೆ ಬಿಡುವುದು ಬೇಡ.

ಹುಂಜದ ಲೆಕ್ಕ ಎಂಟು ಹತ್ತು ಹೇಟೆಗೆ ಒಂದು. ಹೆಚ್ಚಾದ ಹುಂಜದಿಂದ ಹೇಟೆಗಳ ಬೆನ್ನು ಹರಿಯುತ್ತದೆ; ಕಾಲಿನ ಮುಳ್ಳಿನ ಚೂಪು ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಿ. ಬುಡದವರೆಗೆ ಹೋಗಬೇಡಿ, ಒಳಗೆ ರಕ್ತನಾಳ ಇದೆ.

ಬಲ್ಬಿನಡಿ ಬೆಳೆಯುವ ಮರಿಗಳು ಒಂದರ ಕಾಲ್ಬೆರಳನ್ನೊಂದು ಕುಕ್ಕಿದರೆ ಸೆಕೆ, ಇಕ್ಕಟ್ಟು ಅಥವಾ ಕಣ್ಣು ಕುಕ್ಕುವ ಬೆಳಕು ಕಾರಣ. ಮೊದಲ ವಾರ 35 ಡಿಗ್ರಿ, ವಾರಕ್ಕೆ ಸುಮಾರು ಮೂರು ಡಿಗ್ರಿ ಇಳಿಸುತ್ತಾ ಬನ್ನಿ. ಬಿಳಿ ಬಲ್ಬಿನ ಬದಲು ಕೆಂಪು ಬಲ್ಬು ಹಾಕಿದರೆ ರಕ್ತದ ಕೆಂಪು ಮರಿಗೆ ಕಾಣದು. ಮೇವು ಸುಲಭವಾಗಿ ಕಾಣುವಂತೆ ಮೊದಲ ಮೂರು ದಿನ ಕಾಗದದ ಮೇಲೂ ಉದುರಿಸಿ.

ಇಷ್ಟಾದರೂ ನಿಲ್ಲದಿದ್ದರೆ

ಕೊಕ್ಕು ಕತ್ತರಿಸಲು ಹೋಗಬೇಡಿ. ಕೊಕ್ಕಿನಲ್ಲಿ ನರಗಳಿವೆ, ಕತ್ತರಿಸಿದ ನೋವು ಬಹಳ ದಿನ ಉಳಿಯುತ್ತದೆ, ಮೇಯುವ ಕೋಳಿಗೆ ಹುಳು ಹೆಕ್ಕಲೂ ಆಗದಂತಾಗುತ್ತದೆ. ಮೇಲಿನ ಕೊಕ್ಕಿನ ಚೂಪು ತುದಿಯನ್ನು ಮಾತ್ರ ಉಗುರಿನ ಅರದಿಂದ ಒಂದು ಮಿಲಿಮೀಟರಿನಷ್ಟು ಉಜ್ಜಬಹುದು. ಬೆಳಕಿಗೆ ಹಿಡಿದಾಗ ಪಾರದರ್ಶಕವಾಗಿ ಕಾಣುವ ಭಾಗ ಮಾತ್ರ, ಗುಲಾಬಿ ಬಣ್ಣ ಶುರುವಾಗುವ ಮೊದಲೇ ನಿಲ್ಲಿಸಿ. ಎರಡು ಮೂರು ವಾರದಲ್ಲಿ ಮತ್ತೆ ಬೆಳೆಯುತ್ತದೆ, ಅಷ್ಟರಲ್ಲಿ ಮೇವು ಮತ್ತು ಜಾಗ ಸರಿಯಾಗಿರಬೇಕು.

ರಕ್ತದ ರುಚಿ ಹತ್ತಿ ಎರಡನೆಯ ಕೋಳಿಯನ್ನೂ ಕೊಂದ ಹೇಟೆಯನ್ನು ಹಿಂಡಿನಲ್ಲಿ ಇಟ್ಟುಕೊಳ್ಳುವುದು ಉಳಿದವಕ್ಕೆ ಮಾಡುವ ಅನ್ಯಾಯ, ಸಾರಿಗೆ ಹಾಕುವುದೇ ಸರಿ. ಮಾರುವುದಾದರೆ ಕೊಳ್ಳುವವರಿಗೆ ವಿಷಯ ಹೇಳಿಯೇ ಮಾರಿ, ಇಲ್ಲದಿದ್ದರೆ ಅವರ ಗೂಡಿನಲ್ಲೂ ಮೂಲೆಗೆ ತಲೆ ಕೊಟ್ಟು ನಿಲ್ಲುವ ಒಂದು ಹೇಟೆ ಇರುತ್ತದೆ.